ಕೆಂಪೋ, ಕಪ್ಪೋ?

"ಭಾನುವಾರದ ಊಟದೊಳಗೆ ಜಗತ್ತಿಗೆ ಸತ್ಯ ತಿಳಿಯಲಿದೆ!" ಎಂದು ಶಿಗೆನೋರಿ ಘೋಷಿಸಿದಾಗ ಜಗತ್ತು ಮೂಲಂಗಿ ಹೆಚ್ಚುತ್ತಿತ್ತು. ಜಗತ್ತೆಂದರೆ ಅವನ ಹೆಂಡತಿ ಫುಮಿಯೆ.

"ಸತ್ಯ ಹಾಗಿರ್ಲಿ ರೀ, ನನ್ನ ಉಪ್ಪಿನಕಾಯಿ ಪೀಪಾಯಿಗೆ ಶೆಡ್ಡಲ್ಲಿ ಜಾಗ ಬೇಕು. ಊಟಕ್ಕೆ ತಮ್ಮ ಬರ್ತಾನೆ. ನೀವು ಬೇಡ ಅಂದ ಗಾಡೀನ ಒಯ್ತಾನೆ."

ಶೆಡ್ಡಿನಲ್ಲಿದ್ದದ್ದು ಎರಡು ಬೈಕು. ಒಂದು, ನಾಲ್ಕು ಸಿಲಿಂಡರಿನ ಕೆಂಪು ಹೋಂಡಾ ಸಿ.ಬಿ. 750. ಇನ್ನೊಂದು, ಕಿಕ್ ಹೊಡೆದೇ ಎಬ್ಬಿಸಬೇಕಾದ ಒಂಟಿ ಸಿಲಿಂಡರಿನ ಕಪ್ಪು ಯಮಾಹಾ ಎಸ್.ಆರ್. 400. ಆ ಎರಡೂ ಕಂಪನಿಗಳ ತವರಾದ ಹಮಾಮತ್ಸುವಿನಲ್ಲಿ ಹುಟ್ಟಿ ಬೆಳೆದವನಿಗೆ ಎರಡೂ ಎರಡು ಕಣ್ಣು. ಅದರಲ್ಲೊಂದನ್ನು ಕಿತ್ತು ಭಾವಮೈದುನನಿಗೆ ಕೊಡು ಎಂದರೆ? ಆದರೂ ಯಾವುದು ಮೇಲು ಎಂಬ ಕುತೂಹಲ ಅವನಿಗೂ ಇತ್ತು. ನೋಟುಪುಸ್ತಕದಲ್ಲಿ ಹನ್ನೊಂದು ಅಂಕಣ ಗೀಚಿದ: ಸದ್ದು, ಓಟ, ತಿರುವು, ನಡುಕ, ಕೊನೆಗೆ ಹೊಗೆಯ ವಾಸನೆ ಕೂಡ!

ಆ ಬೀದಿಯಲ್ಲಿ ಬೆಳ್ಳಂಬೆಳಿಗ್ಗೆ ಇಂಜಿನ್ ಗುಡುಗಿಸಿದರೆ ಯಾರೂ ಬೈಯುವುದಿಲ್ಲ. ಮುಗುಳ್ನಕ್ಕು ತಲೆಬಾಗಿಸುತ್ತಾರೆ, ಅದು ಬೈಗುಳಕ್ಕಿಂತ ಘೋರ. ಪಕ್ಕದ ಮನೆಯಲ್ಲಂತೂ ತೊಂಬತ್ತರ ತೋಮಿ ಅಜ್ಜಿ ಮಲಗಿರುತ್ತಾರೆ. ಅದಕ್ಕೇ ಹತ್ತೊಂಬತ್ತು ವರ್ಷದಿಂದ ಶಿಗೆನೋರಿ ಗಾಡಿಯನ್ನು ನದಿಯ ದಂಡೆಯವರೆಗೆ ದೂಡಿಕೊಂಡು ಹೋಗಿ ಅಲ್ಲೇ ಶುರುಮಾಡುತ್ತಿದ್ದ. ವಾಪಸು ಬರುವಾಗ ಬೀದಿಯ ತಿರುವಿನಲ್ಲಿ ಇಂಜಿನ್ ನಿಲ್ಲಿಸಿ ಮತ್ತೆ ದೂಡುತ್ತಿದ್ದ.

ಭಾನುವಾರ ಬೆಳಿಗ್ಗೆ ಕೆಂಪನ್ನು ದೂಡಿದ, ಓಡಿಸಿದ, ದೂಡಿ ತಂದ. ಕಪ್ಪನ್ನೂ ಹಾಗೇ ಮಾಡಿದ. ಆದರೆ ಕಪ್ಪಿನ ಡುಗುಡುಗು ಕೇಳಿದ ಮೇಲೆ ಕೆಂಪಿನ ಗುಂಯ್‌ಕಾರ ಹೇಗಿತ್ತೆಂಬುದೇ ಮರೆತುಹೋಯಿತು! ಮತ್ತೆ ಕೆಂಪು, ಮತ್ತೆ ಕಪ್ಪು. ಅಂಕಗಳು ಸಮ ಸಮ. ಐದನೆಯ ಸಲ ಇನ್ನೂರು ಕಿಲೋ ಮೀರಿದ ಕೆಂಪನ್ನು ಏರಿನಲ್ಲಿ ದೂಡುವಾಗ ಮಂಡಿ ಮುಷ್ಕರ ಹೂಡಿತು.

ತೋಫು ಅಂಗಡಿಯ ಕುರಾತಾ ಓಡಿಬಂದ. ಹಿಂದೆಯೇ ಅವನ ಹೆಂಡತಿ, ಎದುರುಮನೆಯವರು. ಎಲ್ಲರೂ ಕೈಹಚ್ಚಿ ದೂಡತೊಡಗಿದರು.

"ಅಯ್ಯೋ, ನಿಮಗ್ಯಾಕೆ ತೊಂದ್ರೆ!"

"ಇರ್ಲಿ ಬಿಡಿ ಅಣ್ಣಾ," ಎಂದ ಕುರಾತಾ. "ಎರಡೆರಡು ಗಾಡಿ ಇದ್ರೂ ಒಂದೂ ಓಡಲ್ಲ, ಪಾಪ. ಕೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಇಷ್ಟು ವರ್ಷ ಸುಮ್ನಿದ್ವಿ."

ಓಡಲ್ಲವೇ! ಶಿಗೆನೋರಿಯ ರಕ್ತ ಕುದಿಯಿತು. ಶಿಷ್ಟಾಚಾರವನ್ನೆಲ್ಲ ಗಾಳಿಗೆ ತೂರಿ ಮನೆಯ ಮುಂದೆಯೇ ಸ್ಟಾರ್ಟರ್ ಒತ್ತಿದ. ಬೀದಿ ನಡುಗಿತು, ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ತೋಮಿ ಅಜ್ಜಿಯ ಕಿಟಕಿ ತೆರೆಯಿತು. ಶಿಗೆನೋರಿ ಇಂಜಿನ್ ನಿಲ್ಲಿಸಿ ಸೊಂಟ ಮುರಿಯುವಂತೆ ಬಾಗಿದ.

"ತಪ್ಪಾಯ್ತು ಅಜ್ಜಿ, ನಿಮ್ಮ ನಿದ್ದೆ ಕೆಡಿಸ್ಬಿಟ್ಟೆ!"

"ತಡಿಯಪ್ಪಾ, ಕಿವಿ ಮಿಷನ್ ಹಾಕ್ಕೋತೀನಿ... ಹಾಂ, ಈಗ ಹೇಳು. ಬೆಳಿಗ್ಗೆ ಹೊತ್ತು ಇದನ್ನ ನಾನು ಹಾಕೋದೇ ಇಲ್ಲ."

ಹತ್ತೊಂಬತ್ತು ವರ್ಷ! ಶಿಗೆನೋರಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಫುಮಿಯೆ ತಮ್ಮನೊಂದಿಗೆ ಹೊರಗೆ ಬಂದು, "ಏನ್ರೀ, ಯಾವುದು ಮೇಲು?" ಎಂದಳು. ಅವನು ಬಾಯಿ ತೆರೆಯುವ ಮೊದಲೇ ಅಜ್ಜಿ ತೀರ್ಪು ಕೊಟ್ಟರು: "ಕಪ್ಪುದನ್ನ ಇಟ್ಕೊಳ್ಳಮ್ಮಾ. ಕೆಂಪುದನ್ನ ದೂಡಿದಾಗ ಇವನ ಮುಖ ಬೆಂದ ಏಡಿ ಥರ ಆಗುತ್ತೆ, ನೋಡಕ್ಕಾಗಲ್ಲ."

ಹನ್ನೊಂದು ಅಂಕಣದ ವಿಜ್ಞಾನ ಅಲ್ಲಿಗೆ ಮುಗಿಯಿತು. ಭಾವಮೈದುನ ಕೆಂಪನ್ನು ಲಾರಿಗೆ ಹತ್ತಿಸಿ ಹಗ್ಗ ಬಿಗಿದ. ಶಿಗೆನೋರಿ ಕಣ್ಣೊರೆಸಿಕೊಂಡು, "ಹೋಗ್ಲಿ ಅಜ್ಜಿ, ನಾಳೆಯಿಂದ ದೂಡೋ ಕಷ್ಟ ಇಲ್ಲ. ಬಾಗಿಲಲ್ಲೇ ಶುರು ಮಾಡ್ತೀನಿ" ಎಂದ.

"ಬೇಡ ಮಾರಾಯ!" ಅಜ್ಜಿ ಗಾಬರಿಯಾದರು. "ಹತ್ತೊಂಬತ್ತು ವರ್ಷದಿಂದ ದಿನಾ ಚಹಾ ಹಿಡ್ಕೊಂಡು ನೀನು ದೂಡೋದನ್ನ ನೋಡೋಕೆ ಅಂತಾನೇ ಬೇಗ ಏಳ್ತಿದೀನಿ!"