ಮಾಮಾನ ‘ಗೆಟ್’

ನಮ್ಮ ಸೋದರಮಾವನಿಗೆ ಇಂಗ್ಲಿಷ್ ಬರುತ್ತಿತ್ತು. ಎಷ್ಟು ಅಂತೀರಿ? ಸರಿಯಾಗಿ ಒಂದು ಪದ. ಆ ಒಂದು ಪದದ ಮೇಲೆ ಅವನಿಗಿದ್ದ ಧೈರ್ಯ, ಮ್ಯಾಟ್ರಿಕ್ ಪಾಸಾಗಿ ರೋಣದಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ ನನಗೆ ಇಡೀ ನಿಘಂಟಿನ ಮೇಲೂ ಇರಲಿಲ್ಲ.

ಮಾಮಾ ಮುಶಿಗೇರಿಯಲ್ಲಿ ಬೇಸಾಯ ಮಾಡುತ್ತಿದ್ದ. ಐವತ್ತರ ದಶಕದ ಆರಂಭದಲ್ಲಿ ಒಮ್ಮೆ ನರಗುಂದದ ಸಂತೆಯಲ್ಲಿ ಪುಠಾಣಿ, ಅಂದರೆ ಹುರಿಗಡಲೆ, ಕೊಂಡ. ಅದನ್ನು ಕಟ್ಟಿಕೊಟ್ಟಿದ್ದ ಹಾಳೆ ಯಾವುದೋ ಇಂಗ್ಲಿಷ್–ಕನ್ನಡ ನಿಘಂಟಿನದು. ಅದನ್ನು ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದ. ನಾನೇ ಓದಿ ಹೇಳಿದೆ, ತಪ್ಪು ನನ್ನದೇ. ಹಾಳೆ ತುಂಬ ಒಂದೇ ಕ್ರಿಯಾಪದ: ಗೆಟ್. ಅದರ ಮುಂದೆ ಪಡೆ, ಗಳಿಸು, ತರು, ತಲುಪು, ಆಗು, ಹಿಡಿ, ತಿಳಿ ಅಂತ ಅರ್ಥಗಳ ಸಾಲು, ಕೆಳಗೆ ಗೆಟ್ ಅಪ್, ಗೆಟ್ ಆನ್. ಪುಠಾಣಿ ಮುಗಿಯುವಷ್ಟರಲ್ಲಿ ಮಾಮಾನ ಇಂಗ್ಲಿಷ್ ವಿದ್ಯಾಭ್ಯಾಸವೂ ಮುಗಿದಿತ್ತು.

“ಇದರ ಬದಲಿಗೆ ಒಬ್ಟೇನ್, ರಿಸೀವ್, ಬಿಕಮ್ ಅಂತ ಬ್ಯಾರೆ ಬ್ಯಾರೆ ಶಬ್ದ ಅದಾವ ಮಾಮಾ” ಅಂದೆ.

“ಇರಲಿ ಬಿಡು ಅಳಿಯಾ. ಅವು ಲಗ್ನಕ್ಕ ಉಡೂವು. ಹೊಲಕ್ಕ ಹೋಗಾಕ ಇದೊಂದು ಸಾಕು.”

ಹೊಲಕ್ಕೇ ಒಯ್ದ. ಎತ್ತುಗಳನ್ನು ‘ಗೆಟ್ ಅಪ್’ ಅಂತ ಎಬ್ಬಿಸಿ, ‘ಗೆಟ್ ಆನ್’ ಅಂತ ಹೊಡೆದ. ಎರಡು ವರ್ಷದ ಮೇಲೆ ಅವುಗಳಲ್ಲೊಂದನ್ನು ಗಜೇಂದ್ರಗಡದಲ್ಲಿ ಮಾರಿದ. ಕೊಂಡಿದ್ದ ಲಕ್ಕಲಕಟ್ಟಿಯ ರೈತ ಮೂರನೆಯ ದಿನವೇ ಬಾಗಿಲಿಗೆ ಬಂದ.

“ನಿಮ್ಮ ಎತ್ತು ಮಲಗಿದ್ದು ಏಳವಲ್ದು ನೋಡ್ರಿ. ಎಬ್ಬಿಸಿದ್ರ ಸುಮ್ನ ನನ್ನ ಮಾರಿ ನೋಡ್ತೈತಿ.”

“ಏನಂತ ಎಬ್ಬಿಸ್ತೀರಿ?”

“ಏಳೋ ಅಂತೀನ್ರಿ. ಮತ್ತೇನ ಅನ್ಲಿ?”

“ಅದಕ್ಕ ಕನ್ನಡ ಬರಾಂಗಿಲ್ರಿ” ಅಂದ ಮಾಮಾ, ಸ್ವಲ್ಪವೂ ನಗದೆ. ಅವನನ್ನು ಕಟ್ಟೆಯ ಮೇಲೆ ಕೂಡಿಸಿ, ರೊಟ್ಟಿ ತಿನ್ನಿಸಿ, ‘ಗೆಟ್ ಅಪ್’ ಬಾಯಿಪಾಠ ಮಾಡಿಸಿ ಕಳಿಸಿದ. ಲಕ್ಕಲಕಟ್ಟಿಯಲ್ಲಿ ಇಂಗ್ಲಿಷ್ ಶುರುವಾದದ್ದು ಹೀಗೆ.

ಇದನ್ನು ಸಹಿಸದಿದ್ದವಳು ಅತ್ತೆ ಒಬ್ಬಳೇ. ‘ಗೆಟ್ ಚಾ’ ಅಂತ ಮಾಮಾ ಕೂಗಿದರೆ, “ಕನ್ನಡದಾಗ ಕೇಳಿದ್ರ ಚಾ, ಇಂಗ್ಲಿಷಿನಾಗ ಕೇಳಿದ್ರ ನೀರು” ಅನ್ನುತ್ತಿದ್ದಳು. ಮಾಮಾ ಹಟಮಾರಿ. ಎಷ್ಟೋ ಸಂಜೆ ನೀರೇ ಕುಡಿದ.

ಒಂದು ಶ್ರಾವಣದಲ್ಲಿ ಅತ್ತೆಗೆ ಜ್ವರ ಬಂತು. ಎಂಟು ದಿನವಾದರೂ ಇಳಿಯಲಿಲ್ಲ. ಚಕ್ಕಡಿಯಲ್ಲಿ ಗಜೇಂದ್ರಗಡದ ಒಂದು ದವಾಖಾನೆಗೆ ಒಯ್ದರು, ಸುದ್ದಿ ತಿಳಿದು ನಾನೂ ಹೋದೆ. ಡಾಕ್ಟರಮ್ಮ ಮದ್ರಾಸ್ ಕಡೆಯಿಂದ ಹೊಸದಾಗಿ ಬಂದವರು, ಕನ್ನಡ ಬರುತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಮಾಮಾ ಕೈ ಅಡ್ಡ ಹಿಡಿದ.

“ನೀ ಸುಮ್ನ ನಿಂದ್ರು. ಹೆಂಡತಿ ನನ್ನಕಿ.”

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ: “ವೈಫ್ ಗೆಟ್ ಜ್ವರ. ನೋ ಗೆಟ್ ನಿದ್ದಿ. ನೋ ಗೆಟ್ ರೊಟ್ಟಿ.”

ವೈಫ್, ನೋ ಎಂಬ ಪದಗಳನ್ನು ಯಾವಾಗ ಸಂಪಾದಿಸಿದ್ದನೋ! ಡಾಕ್ಟರಮ್ಮ ನಗುತ್ತಲೇ ಎಲ್ಲ ಬರೆದುಕೊಂಡರು. ನನ್ನ ವ್ಯಾಕರಣ ಅಲ್ಲಿ ಯಾರಿಗೂ ಬೇಕಾಗಲಿಲ್ಲ. ನಾಡಿ ಹಿಡಿದುಕೊಂಡೇ ಅವರು ಮಕ್ಕಳೆಷ್ಟು ಎಂದು ಕೇಳಿದರು. ನಾನು ಆ ಪ್ರಶ್ನೆಯನ್ನು ಮಾಮಾನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದೆ.

ಮಾಮಾ ಮೂರು ಬೆರಳು ತೋರಿಸಿದ. “ಗೆಟ್.”

ಎಲ್ಲಿದ್ದಾರೆ ಎಂದು ಕೇಳಿದರು. ಅದನ್ನೂ ಹೇಳಿದೆ, ಈ ಸಲ ಅತ್ತೆಗೂ ಕೇಳಿಸಿತು. ಆ ಹಾಳೆ ಓದಿಸಿಕೊಂಡ ಮೇಲೆ ಮಾಮಾ ಮೊದಲ ಸಲ ಇಂಗ್ಲಿಷಿಗಾಗಿ ನನ್ನ ಮುಖ ನೋಡಿದ. ಕಳೆದುಕೊಂಡದ್ದಕ್ಕೆ ನನಗೆ ನಾಲ್ಕು ಪದ ಗೊತ್ತಿದ್ದವು. ಒಂದೂ ಹೊರಬೀಳಲಿಲ್ಲ.

ಮಲಗಿದ್ದ ಅತ್ತೆ ಇನ್ನೊಂದು ಕೈ ಹೊರತೆಗೆದಳು. ಮೊದಲನೆಯ ಮಗುವನ್ನು ಮಂಚದ ಎತ್ತರಕ್ಕೆ ತೋರಿಸಿದಳು, ಎರಡನೆಯದನ್ನು ಅದಕ್ಕಿಂತ ಕೆಳಗೆ. ಮೂರನೆಯದಕ್ಕೆ ಒಂದು ಗೇಣು. ಆಮೇಲೆ ಬರಿಯ ಅಂಗೈಯನ್ನು ಮೇಲೆ ಮಾಡಿ ಹಾಗೇ ಹಿಡಿದಳು. ಡಾಕ್ಟರಮ್ಮನ ಲೇಖನಿ ನಿಂತಿತು.

ಮಾಮಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೌದಿಯೊಳಗೆ ಸೇರಿಸಿದ. “ಥಂಡಿ ಐತಿ, ಒಳಗ ಇಟ್ಕೋ” ಅಂದ.

ಹತ್ತು ದಿನಕ್ಕೆ ಅತ್ತೆ ಗುಣವಾಗಿ ಮನೆಗೆ ಹೋದಳು. ಆ ಹತ್ತೂ ದಿನ ಮಾಮಾ ಮಂಚದ ಪಕ್ಕದಲ್ಲಿ, ಕೌದಿಯೊಳಗೆ ಒಂದು ಕೈ ಇಟ್ಟುಕೊಂಡೇ ಕೂತಿದ್ದ.