ಬಾಳೆನಾರಿನ ಗಂಟು, ಸೀತೆಯ ರವಿಕೆ

ನಯಾಪೈಸೆ ಬಂದ ಹೊಸತರಲ್ಲಿ ಸುಳ್ಯದ ನಮ್ಮ ಮನೆಗೆ ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನ್ ಬಂತು. ಬಂದ ವಾರದೊಳಗೆ ನಾನು ಮನೆಯ ತಲೆದಿಂಬುಗಳಿಗೆಲ್ಲ ಚೀಲ ಹೊಲಿದು ಮುಗಿಸಿದೆ. ಎಲ್ಲವೂ ಚೌಕವಾಗಿಯೇ ಬಂದವು. ತಲೆದಿಂಬು ಬಂದವಳಿಗೆ ರವಿಕೆ ಬಾರದೇ ಇರುತ್ತದೆಯೇ? ಹಾಗೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಅಷ್ಟರಲ್ಲಿ ನಾದಿನಿ ಸೀತೆಯನ್ನು ನೋಡಲು ಗಂಡಿನ ಕಡೆಯವರು ಆದಿತ್ಯವಾರ ಬರುವುದೆಂದು ನಿಶ್ಚಯವಾಯಿತು. ಉಡಲು ಅತ್ತೆಯ ಎಲೆಹಸಿರು ರೇಷ್ಮೆ ಸೀರೆ ಇತ್ತು. ಅದಕ್ಕೆ ಹೊಂದುವ ರವಿಕೆ ಇರಲಿಲ್ಲ.

“ದರ್ಜಿಗೆ ಕೊಡುದು ಎಂತಕ್ಕೆ? ನಾನಿಲ್ವಾ?” ಎಂದೆ.

ಸೀತೆ ಒಮ್ಮೆ ನನ್ನನ್ನು, ಒಮ್ಮೆ ತಲೆದಿಂಬನ್ನು ನೋಡಿದಳು. “ಅತ್ತಿಗೆ, ಅವತ್ತು ಎಲ್ಲರೂ ನನ್ನನ್ನೇ ನೋಡುದು. ನೆನಪುಂಟಲ್ಲ?”

ಮನೆಯಲ್ಲಿ ಅಳತೆಪಟ್ಟಿ ಇರಲಿಲ್ಲ. ಬಾಳೆನಾರಿನಲ್ಲಿ ಅಳೆದು ಗಂಟು ಹಾಕಿದೆ. ತುದಿಯಿಂದ ಮೊದಲ ಗಂಟು ತೋಳು, ಎರಡನೆಯದು ಸೊಂಟ, ಮೂರನೆಯದು ಎದೆ. ನನ್ನ ಬುದ್ಧಿಗೆ ನಾನೇ ತಲೆದೂಗಿ, ನಾರನ್ನು ದೇವರ ಕೋಣೆಯ ಮೊಳೆಗೆ ಸಿಕ್ಕಿಸಿಟ್ಟೆ. ಸೀತೆ ಸವಣೂರಿನ ಚಿಕ್ಕಮ್ಮನ ಮನೆಗೆ ಹೋದಳು. ಇನ್ನು ಅವಳು ಬರುವುದು ಆದಿತ್ಯವಾರ ಬೆಳಿಗ್ಗೆಯೇ.

ಬಟ್ಟೆ ತರಲು ನಾನೂ ಯಜಮಾನರೂ ಪುತ್ತೂರಿಗೆ ಹೋಗಬೇಕು. ರೇಷ್ಮೆ ಸೀರೆಯನ್ನು ಬಸ್ಸು ಹತ್ತಿಸಲು ಅತ್ತೆ ಸುತರಾಂ ಒಪ್ಪಲಿಲ್ಲ. ಸರಿ, ಸೀರೆಯದ್ದೇ ಬಣ್ಣದ ವೀಳ್ಯದೆಲೆಯೊಂದನ್ನು ಬಳ್ಳಿಯಿಂದ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಯಾಕೆಂದು ಹೇಳಲು ಮರೆತೆ. ಬಸ್ಸು ಕುಂಬ್ರ ದಾಟುವಾಗ ಅವರ ಬಾಯಿ ಕೆಂಪಾಗಿತ್ತು!

“ಎಲೆ ಎಲ್ಲಿ?”

“ಯಾವ ಎಲೆ?” ಎಂದವರು ಅಗಿಯುವುದನ್ನು ಥಟ್ಟನೆ ನಿಲ್ಲಿಸಿದರು. “ಒಳ್ಳೆ ಎಲೆ ಮಾರಾಯ್ತಿ. ನನಗೆಂದೇ ಕೊಟ್ಟದ್ದು ಅಂತ ಎಣಿಸಿದೆ.”

ಸೀರೆಯ ಬಣ್ಣ ಗಂಡನ ಹೊಟ್ಟೆ ಸೇರಿತ್ತು. ಜವಳಿ ಅಂಗಡಿಯವನು ಗಿಳಿಹಸಿರು, ಪಾಚಿಹಸಿರು, ಹೆಸರೇ ಇಲ್ಲದ ಹಸಿರು ಎಂದು ಮುಂದೆ ರಾಶಿ ಹಾಕಿದ. ನೋಡಿದಷ್ಟೂ ಸೀರೆಯ ಬಣ್ಣ ನೆನಪಿನಿಂದ ಜಾರಿತು. “ಎಲ್ಲ ಹಸಿರೇ ಅಲ್ವಾ?” ಎಂದರು ಇವರು. ಆರಿಸಿ ತಂದ ಬಟ್ಟೆಯನ್ನು ಮನೆಯಲ್ಲಿ ಸೀರೆಯ ಪಕ್ಕ ಇಟ್ಟು ನೋಡಿದೆ. ಅದು ನೀಲಿಯಾಗಿತ್ತು!

ನೆರೆಮನೆಯ ಐಸಮ್ಮ ಹಳೆಯ ಪತ್ರಿಕೆಯಲ್ಲಿ ಕತ್ತರಿಸಿಟ್ಟ ತನ್ನ ರವಿಕೆಯ ಮಾದರಿ ಕೊಟ್ಟಳು. “ಅಕ್ಕಾ, ಇದು ನನ್ನ ಗಾತ್ರದ್ದು. ಸೀತೆಯಂಥವರು ಇಬ್ಬರು ಹಿಡೀತಾರೆ. ಸಣ್ಣ ಮಾಡಿಕೊಳ್ಳಿ.”

ಎಷ್ಟು ಸಣ್ಣ? ದೇವರ ಕೋಣೆಗೆ ಹೋದರೆ ಮೊಳೆ ಖಾಲಿ.

“ಅತ್ತೆ, ಇಲ್ಲಿದ್ದ ನಾರು?”

“ಹೂ ಕಟ್ಟಲಿಕ್ಕೆ ನೀನೇ ಇಟ್ಟದ್ದಲ್ವಾ?”

ದೇವರ ಪಟದ ಮೇಲೆ ಮಲ್ಲಿಗೆ ಮಾಲೆ ತೂಗುತ್ತಿತ್ತು. ಕೈಮುಗಿದು ಇಳಿಸಿ, ಹೂ ಬಿಡಿಸಿ ನೋಡಿದೆ. ಹೂವಿಗೊಂದು ಗಂಟು! ತೋಳು ಯಾವುದು, ಎದೆ ಯಾವುದು, ಮಲ್ಲಿಗೆ ಯಾವುದು? ಒಮ್ಮೆ ಅಳೆದರೆ ಸೀತೆ ಐಸಮ್ಮನಿಗಿಂತ ದಪ್ಪ, ಮತ್ತೊಮ್ಮೆ ಅಳೆದರೆ ಬೆಕ್ಕಿನಷ್ಟು ಸಣ್ಣ. ತಲೆ ಗಿರ್ರೆಂದಿತು. ಕೊನೆಗೆ ಅಂದಾಜಿನಲ್ಲಿ ಕಾಗದದ ನಟ್ಟನಡುವೆ ದೊಡ್ಡದೊಂದು ಮಡಿಕೆ ಹಾಕಿ, ಆ ನೀಲಿ ಬಟ್ಟೆಯ ಮೇಲಿಟ್ಟು ಕತ್ತರಿ ಆಡಿಸಿದೆ. ಕಡಿಮೆ ಮಾಡಬೇಕಾದದ್ದು ಬದಿಗಳಲ್ಲಿ, ನಡುವೆ ಮಡಚಿದರೆ ಕುತ್ತಿಗೆಯೂ ಕಿರಿದಾಗುತ್ತದೆ ಎಂಬ ಜ್ಞಾನೋದಯ ಆಮೇಲೆ ಆಯಿತು.

ಆದಿತ್ಯವಾರ ಸೀತೆ ಅದನ್ನು ತೊಟ್ಟಳು. ತೊಟ್ಟಳು ಎನ್ನುವುದು ನನ್ನ ಮರ್ಯಾದೆಗಾಗಿ. ಕುತ್ತಿಗೆ ಬಿಗಿದು ಕಣ್ಣು ಹೊರಬಂತು, ಸೊಂಟದಲ್ಲಿ ಗಾಳಿ ಆಡಿತು, ಎಡತೋಳು ಮೊಣಕೈಯಿಂದ ಮೇಲೇರಲೇ ಇಲ್ಲ. ಅವಳು ಅತ್ತಳು. ಅವಳನ್ನು ನೋಡಿ ನನಗೂ ಅಳು ಬಂತು.

ಅಷ್ಟರಲ್ಲಿ ಅಂಗಳದಲ್ಲಿ ಮಾತು ಕೇಳಿಸಿತು. ಗಂಡಿನ ಕಡೆಯವರು! ಸೀತೆಗೆ ಹಳೆಯ ಬಿಳಿ ರವಿಕೆ ತೊಡಿಸಿ, ಹೊಸದನ್ನು ಅಡಗಿಸಲು ಜಾಗ ಕಾಣದೆ ಚಾವಡಿಯಲ್ಲಿದ್ದ ಮಿಷನ್ನಿಗೆ ಹೊದಿಸಿದೆ. ಒಂದು ತೋಳಿನಿಂದ ಮಿಷನ್ನಿನ ಹಿಡಿ ಹೊರಗೆ ಬಂತು. ಅಳತೆ ಕೊಟ್ಟು ಹೊಲಿಸಿದ ಹಾಗೆ!

ಸೀತೆ ಕಾಫಿ ತಂದಳು. ಗಂಡಿನ ತಾಯಿಯ ಕಣ್ಣು ಮಾತ್ರ ಮಿಷನ್ನಿನ ಮೇಲೆ. ಅವರು ಎದ್ದು ಹೋಗಿ ರವಿಕೆಯ ಕುತ್ತಿಗೆಯೊಳಗೆ ಎರಡು ಬೆರಳು ಹಾಕಿ ನೋಡಿದರು.

“ಇದು ಹುಡುಗಿ ಹೊಲಿದದ್ದಾ?”

ಸೀತೆಯ ಮುಖ ಬಿಳಿಚಿತು. ಸಂಬಂಧವೇ ಕೈತಪ್ಪುವ ಹಾಗೆ ಕಂಡಿತು.

“ಅವಳಲ್ಲ, ನಾನು!” ಎಂದೆ.

“ನಿಜವಾಗಿ?”

“ದೇವರಾಣೆ, ಇವಳೇ!” ಎಂದು ಯಜಮಾನರು ಎದ್ದು ನಿಂತು ಸಾಕ್ಷಿ ಹೇಳಿದರು. ಅತ್ತೆ ಜೋರಾಗಿ ತಲೆಯಾಡಿಸಿದರು. ಗಂಡನ್ನು ನೋಡಲು ಬಾಗಿಲಲ್ಲಿ ನಿಂತಿದ್ದ ಐಸಮ್ಮನೂ ಬಿಡಲಿಲ್ಲ. “ಕಾಗದ ಮಾತ್ರ ನನ್ನದು. ಕುತ್ತಿಗೆ ಅಕ್ಕನದ್ದೇ!”

“ಹಾಗಾದರೆ ತೊಂದರೆ ಇಲ್ಲ. ನಮಗೆ ಒಪ್ಪಿಗೆ ಉಂಟು,” ಎಂದು ಆ ತಾಯಿ ನೆಮ್ಮದಿಯಿಂದ ಕಾಫಿಲೋಟ ಎತ್ತಿಕೊಂಡರು.

ಮದುವೆಯ ರವಿಕೆಗಳೆಲ್ಲ ದರ್ಜಿಯ ಬಳಿಗೆ ಹೋದವು. ನನ್ನ ಪಾಲಿಗೆ ಬಂದ ಕೆಲಸ ಮಲ್ಲಿಗೆ ಕಟ್ಟುವುದು. ಅದಕ್ಕೂ ಅತ್ತೆ, ನಾರಿನ ಉದ್ದಕ್ಕೂ ಬೆರಳಾಡಿಸಿ, ಎಲ್ಲಿಯೂ ಗಂಟಿಲ್ಲವೆಂದು ಖಾತ್ರಿ ಮಾಡಿಕೊಂಡೇ ನನ್ನ ಕೈಗೆ ಕೊಟ್ಟರು.