ನಮ್ಮ ಅತ್ತಿಗೆ ಸಾಯುವ ಚಂದ

ನಮ್ಮ ಅತ್ತಿಗೆ ಸಾಯುವುದರಲ್ಲಿ ನಿಸ್ಸೀಮರು. ತಪ್ಪು ತಿಳಿಯಬೇಡಿ, ಇದು ಮೈದುನನ ಹೊಟ್ಟೆಕಿಚ್ಚಿನ ಮಾತಲ್ಲ, ಅವರೇ ಹೆಮ್ಮೆಯಿಂದ ಹೇಳಿಕೊಳ್ಳುವುದು! ರಷ್ಯಾದಲ್ಲಿ ಹುಟ್ಟಿ, ನಾಟಕದಲ್ಲಿ ಹೆಸರು ಮಾಡಿ, ಸಿನಿಮಾಗಳಲ್ಲೂ ನಟಿಸಿದವರು. ಆದರೆ ಯಾವ ನಿರ್ದೇಶಕನೂ ಅವರನ್ನು ಕೊನೆಯ ದೃಶ್ಯದವರೆಗೆ ಬದುಕಲು ಬಿಡಲಿಲ್ಲ. ಯುದ್ಧದ ಸಿನಿಮಾದಲ್ಲಿ ಗುಂಡು ತಾಗಿ ಸತ್ತರು, ಪ್ರೇಮದ ಸಿನಿಮಾದಲ್ಲಿ ಕ್ಷಯ ಬಂದು ಸತ್ತರು, ಮಕ್ಕಳ ಸಿನಿಮಾದಲ್ಲೂ ಹಿಮದಲ್ಲಿ ಹೆಪ್ಪುಗಟ್ಟಿ ಸತ್ತರು. ಒಮ್ಮೆ ಅಪರೂಪಕ್ಕೆ ಹಾಸ್ಯದ ಸಿನಿಮಾ ಸಿಕ್ಕಿತಂತೆ. ಅದರಲ್ಲಿ ನಕ್ಕು ನಕ್ಕು ಸತ್ತರು!

ನನ್ನ ಅಣ್ಣ ಅಲ್ಲಿಗೆ ಡಾಕ್ಟರಿ ಓದಲು ಹೋದವನು. ಅತ್ತಿಗೆ ವಿಷ ಕುಡಿದು ಸಾಯುವ ಒಂದೇ ನಾಟಕವನ್ನು ವಾರಗಟ್ಟಲೆ ನೋಡಿ, ಕೊನೆಗೆ ಧೈರ್ಯ ಮಾಡಿ ಪರದೆಯ ಹಿಂದೆ ಹೋಗಿ ಹೇಳಿದ ಪ್ರೇಮದ ಮಾತು ಯಾವುದು ಗೊತ್ತೇ? "ವಿಷ ಕುಡಿದವರ ಕುತ್ತಿಗೆ ಹಾಗೆ ವಾಲುವುದಿಲ್ಲ." ಬೇರೆ ಹೆಣ್ಣಾಗಿದ್ದರೆ ಚಪ್ಪಲಿಗೆ ಕೈ ಹಾಕುತ್ತಿದ್ದಳು. ಇವರು ಮದುವೆಗೆ ಒಪ್ಪಿದರು. ತಮ್ಮ ಸಾವನ್ನು ಅಷ್ಟು ಗಮನವಿಟ್ಟು ಇನ್ನಾರೂ ನೋಡಿರಲಿಲ್ಲವಂತೆ.

ಆಮೇಲೆ ಆ ದೇಶವೇ ಒಡೆದುಹೋಯಿತು. ಅತ್ತಿಗೆಯ ನಾಟಕಶಾಲೆ ಫ್ರಿಜ್ ಮಾರುವ ಅಂಗಡಿಯಾಯಿತು. ಅಣ್ಣನಿಗೆ ಸೌದಿಯ ಥುಕ್ಬಾ ಎಂಬಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತು. ನಾನು ಮೊದಲೇ ಅಲ್ಲಿ ಗುಮಾಸ್ತನಾಗಿದ್ದೆ. ನಾಟಕವಿಲ್ಲ, ಸಿನಿಮಾ ಟಾಕೀಸಿಲ್ಲ, ಅಂಥ ಸೌದಿಗೆ ನಟಿಯೊಬ್ಬಳನ್ನು ಕರೆತಂದ ಬುದ್ಧಿವಂತ ನಮ್ಮಣ್ಣ ಒಬ್ಬನೇ ಇರಬೇಕು!

ಅತ್ತಿಗೆ ಸುಮ್ಮನಿರುವವರೇ? ಕಪ್ಪು ಅಬಾಯವನ್ನು ರಾಣಿಯ ಉಡುಪಿನಂತೆ ಬೀಸಿಕೊಂಡು ಅಂಗಡಿಗಳನ್ನು ಪ್ರವೇಶಿಸುತ್ತಿದ್ದರು. ಕೈಯಿಂದ ಸಾಮಾನಿನ ಚೀಟಿ ಜಾರಿದರೆ ತಟ್ಟನೆ ಅದರ ಮೇಲೆ ಕೂತುಬಿಡುವರು. ಪಾತ್ರದ ಮಾತು ಬರೆದ ಹಾಳೆ ನೆಲಕ್ಕೆ ಬಿದ್ದರೆ ಅದರ ಮೇಲೆ ಕೂತೇ ಎತ್ತಬೇಕು, ಇಲ್ಲದಿದ್ದರೆ ನಾಟಕ ಕೆಡುತ್ತದೆ ಎಂದು ಅವರ ಕಡೆಯ ನಟರ ನಂಬಿಕೆ. ಮೀನಂಗಡಿಯ ಒದ್ದೆ ನೆಲದಲ್ಲಿ ಹಾಗೆ ಕೂತವರನ್ನು ಎಬ್ಬಿಸಲು ಹೋದೆ. ಅಣ್ಣ ಕಲಿಸಿದ ಕನ್ನಡದಲ್ಲಿ ಗದರಿದರು: "ಎಂತ ಅವಸರ ಮಾರಾಯ? ಬಂಗುಡೆ ಸಾರು ಕೆಡ್ತದೆ!"

ನಮ್ಮ ಮೇಲಿನ ಮನೆಯಲ್ಲಿ ಮಂಗಳೂರಿನ ನರ್ಸ್ ಸಿಸಿಲಿಯಾ ಬಾಯಿ ಇದ್ದರು. ಚಹಾಕ್ಕೆ ಬಂದ ಅವರೆದುರು ಅತ್ತಿಗೆ ಒಮ್ಮೆ ಸತ್ತು ತೋರಿಸಿದರು. ಬಾಯಿ ಲೋಟ ಎಸೆದು ಓಡಿಬಂದು ನಾಡಿ ಹಿಡಿದು, "ಜೀವ ಉಂಟು! ಜೀವ ಉಂಟು!" ಎಂದು ಕೂಗಿದರು. ಅತ್ತಿಗೆ ಮಲಗಿದಲ್ಲಿಂದಲೇ ಸಿಟ್ಟಾದರು. "ಸತ್ತವಳ ಕೈ ಹಿಡೀಬೇಡಿ. ಚಪ್ಪಾಳೆ ಬಿದ್ದ ಮೇಲೆಯೇ ನಾನು ಏಳುವುದು." ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎದ್ದವರ ಮುಖ ಮಾತ್ರ ಸಣ್ಣದಾಗಿತ್ತು.

"ಸೋಫಾದಲ್ಲಿ ನಾಲ್ಕು ಜನ ಕೂತರೆ ನಾಟಕವಾ ಬಾಯಿ? ಹಾಲ್ ತುಂಬ ಜನರೆದುರು ಒಂದು ಸಲ ಸಾಯಬೇಕು. ಇಲ್ಲದಿದ್ದರೆ ನಾನು ನಟಿ ಅಂತ ನನಗೇ ಮರೆತುಹೋಗ್ತದೆ."

ಸಿಸಿಲಿಯಾ ಬಾಯಿ ಅಂದೇ ಏರ್ಪಾಟಿಗೆ ಇಳಿದರು. ಮುಂದಿನ ಶುಕ್ರವಾರವೇ ಅವರ ಮನೆಯಲ್ಲಿ ನಮ್ಮ ಊರಿನವರಷ್ಟೇ ಸೇರಿ ಒಂದು ಕನ್ನಡ ಹಾಸ್ಯನಾಟಕ! ಬೆಡ್‌ಶೀಟಿನ ಪರದೆ. ನೆಲಮಹಡಿಯಲ್ಲಿದ್ದ ಕಟ್ಟಡದ ಯಜಮಾನನಿಗೆ ಸದ್ದು ಕೇಳಿಸಿದರೆ ಎಲ್ಲರ ಇಕಾಮಾಕ್ಕೂ, ಅಂದರೆ ಆ ದೇಶದಲ್ಲಿರುವ ಪರವಾನಗಿಗೇ, ಸಂಚಕಾರ. ಆದ್ದರಿಂದ ಚಪ್ಪಾಳೆ ಕೂಡದು, ನಗು ಬಂದರೆ ಮುಖಕ್ಕೆ ಒತ್ತಿಕೊಳ್ಳಲು ತಲೆದಿಂಬು ತರಬೇಕು ಎಂದು ಬಾಯಿ ಆಜ್ಞೆ ಮಾಡಿದರು. ಜನ ಬಂದರು, ತಲೆದಿಂಬು ಹಿಡಿದುಕೊಂಡು! ಅಡುಗೆಮನೆಯಲ್ಲಿ ಮುಖಕ್ಕೆ ಬಣ್ಣ ಬಳಿಯುತ್ತಿದ್ದ ಅತ್ತಿಗೆಗೆ ಮಾತ್ರ ಈ ಆಜ್ಞೆಯನ್ನು ಯಾರೂ ತಿಳಿಸಲಿಲ್ಲ.

ಅತ್ತಿಗೆಯದು ತಪ್ಪಿ ವಿಷ ಕುಡಿದು ಸಾಯುವ ಅಜ್ಜಿಯ ಪಾತ್ರ. ಎರಡು ನಿಮಿಷದಲ್ಲಿ ಸತ್ತರೆ ಮೊಮ್ಮಕ್ಕಳ ಜಗಳ ಶುರು, ಅದೇ ಹಾಸ್ಯ. ಅತ್ತಿಗೆ ಸಾಯಲೊಲ್ಲರು! ಬಾಗಿಲು ಹಿಡಿದರು, ಕುರ್ಚಿ ಹಿಡಿದರು, ಬೆಡ್‌ಶೀಟು ಹಿಡಿದು ಜಾರಿದರು. "ಬೇಗ ಸಾಯಿರಿ ಅತ್ತಿಗೆ, ಬಿರಿಯಾನಿ ಆರ್ತದೆ" ಎಂದು ಮೊಮ್ಮಗನಾಗಿದ್ದ ನಾನು ಪಿಸುಗುಟ್ಟಿದೆ. ಕೊನೆಗೊಮ್ಮೆ ಅವರ ಕುತ್ತಿಗೆ ವಾಲಿತು. ನೋಡಿದರೆ, ನಗಲು ತಂದ ತಲೆದಿಂಬಿನಲ್ಲಿ ಮುಖ ಹುದುಗಿಸಿ ಎಲ್ಲರೂ ಅಳುತ್ತಿದ್ದಾರೆ!

ಆದರೆ ಚಪ್ಪಾಳೆ ಬೀಳುವ ಹಾಗಿಲ್ಲ, ಚಪ್ಪಾಳೆ ಬೀಳದೆ ಅತ್ತಿಗೆ ಏಳುವವರಲ್ಲ. ನಾವು ಗಾಳಿಯಲ್ಲಿ ಕೈ ಆಡಿಸಿದೆವು. ಮುಚ್ಚಿದ ಕಣ್ಣಿಗೆ ಅದು ಕಾಣುವುದುಂಟೇ? ಕಾಯುತ್ತ ಕಾಯುತ್ತ ಅವರ ತುಟಿ ಅದುರತೊಡಗಿತು. ತಾನು ಸೋತೆ ಎಂದುಕೊಂಡಿದ್ದರು. ನನಗೆ ನೋಡಲಾಗಲಿಲ್ಲ.

ಸಿಸಿಲಿಯಾ ಬಾಯಿ ಎದ್ದು ಬಂದು ಅತ್ತಿಗೆಯ ಕೈ ಎತ್ತಿಕೊಂಡರು. ಮತ್ತೆ ನಾಡಿ ಹಿಡಿಯುತ್ತಾರೆ ಎಂದುಕೊಂಡೆ. ಇಲ್ಲ, ಅಂಗೈ ಬಿಡಿಸಿ, ತಮ್ಮ ಅಂಗೈಯಿಂದ ಮೆಲ್ಲಗೆ ತಟ್ಟತೊಡಗಿದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಹಾಲ್ ತುಂಬ ಇದ್ದವರೆಲ್ಲ ಸಾಲಾಗಿ ಬಂದು ಆ ಅಂಗೈಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸತ್ತ ಅಜ್ಜಿಯ ಕಣ್ಣಂಚಿನಿಂದ ನೀರು ಇಳಿದು ಬಣ್ಣವೆಲ್ಲ ಕಲಸಿಹೋಯಿತು. ಆದರೂ ಅತ್ತಿಗೆ ಏಳಲಿಲ್ಲ.

ಎಲ್ಲರಿಗಿಂತ ಕೊನೆಗೆ ಅಣ್ಣ ಬಂದು ಪಕ್ಕದಲ್ಲಿ ಕೂತ. ಆ ಕೈಯನ್ನು ತಟ್ಟದೆ ಸುಮ್ಮನೆ ಹಿಡಿದುಕೊಂಡ.

"ಈ ಸಲ ಕುತ್ತಿಗೆ ಸರಿಯಾಗಿ ವಾಲಿತು" ಎಂದ.

ಅತ್ತಿಗೆ ಕಣ್ಣು ತೆರೆದರು.